ಒಂದನೇ ತಾರೀಕಿನ ಕಟ್ಟು: ಕಡಿಮೆ ಸಂಬಳದ ಖಾಯಂ ಕೆಲಸದ ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ಕೇಂದ್ರದಲ್ಲಿರುವವರು 39 ವರ್ಷದ ಒಬ್ಬ ಮಹಿಳೆ. ಮಧ್ಯಮ ಗಾತ್ರದ ಒಂದು ಖಾಸಗಿ ಸಂಸ್ಥೆಯ ದಾಸ್ತಾನು ವಿಭಾಗದಲ್ಲಿ ಅವರು 13 ವರ್ಷಗಳಿಂದ ಗುಮಾಸ್ತೆಯಾಗಿದ್ದರು. ಮನೆಗಳ ಲೆಕ್ಕಪತ್ರ ನೋಡಿ ಸಲಹೆ ಕೊಡುವುದು ನನ್ನ ಕೆಲಸವಾದ್ದರಿಂದ ಅವರು ನನ್ನ ಬಳಿ ಬಂದರು, ಮತ್ತು ಎರಡು ವರ್ಷಗಳಿಗೂ ಸ್ವಲ್ಪ ಹೆಚ್ಚು ಕಾಲ ಅವರ ಮನೆಯ ಜಮಾ ಖರ್ಚನ್ನು ನಾನು ತಿಂಗಳು ತಿಂಗಳೂ ಕಂಡೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ತೆಗೆದು ಇದನ್ನು ಬರೆಯುತ್ತಿದ್ದೇನೆ. ಹಣದ ಮೊತ್ತಗಳನ್ನು ಎಲ್ಲಿಯೂ ನೇರವಾಗಿ ಹೇಳದೆ, ಮೊದಲ ಭೇಟಿಯ ವೇಳೆ ಅವರಿಗಿದ್ದ ತಿಂಗಳ ಸಂಬಳವನ್ನು 100 ಭಾಗ ಎಂದು ಇಟ್ಟುಕೊಂಡು ಉಳಿದೆಲ್ಲವನ್ನೂ ಅದಕ್ಕೆ ಹೋಲಿಸಿ ಹೇಳಿದ್ದೇನೆ. ಇದರಿಂದ ಓದುಗರು ತಮ್ಮ ಸಂಬಳವನ್ನೂ ಇದೇ ಅಳತೆಯಲ್ಲಿ ಇಟ್ಟು ನೋಡಬಹುದು.

ಮೊದಲ ದಿನ ಅವರು ಆಡಿದ ಮಾತನ್ನು ನಾನು ಹಾಗೆಯೇ ಬರೆದಿಟ್ಟುಕೊಂಡಿದ್ದೇನೆ. "ಮೇಡಂ, ನನಗೆ ಕೆಲಸ ಇಲ್ಲ ಅಂತಲ್ಲ. ಸಂಬಳ ತಡವಾಗತ್ತೆ ಅಂತಲೂ ಅಲ್ಲ. ಒಂದನೇ ತಾರೀಕು ಬಂದರೆ ಸಂಬಳ ಬಂದೇ ಬರತ್ತೆ. ಆದರೆ ಈ ಕೆಲಸದಲ್ಲಿ ಇರೋಕೂ ಆಗ್ತಿಲ್ಲ, ಬಿಡೋಕೂ ಆಗ್ತಿಲ್ಲ." ಹೀಗೆ ಹೇಳಿದ ಬೆನ್ನಿಗೇ, ಕೆಲಸವೇ ಇಲ್ಲದವರು ಎಷ್ಟೋ ಜನರಿರುವಾಗ ತಾನು ಹೀಗೆ ದೂರುವುದು ತಪ್ಪಲ್ಲವೇ ಎಂದು ಅವರೇ ಕೇಳಿದರು. ತಪ್ಪಲ್ಲ ಎಂದು ಆಗ ಹೇಳಿದ್ದೆ. ಆ ಉತ್ತರ ಯಾಕೆ ಸರಿ ಎನ್ನುವುದು ನನಗೆ ಪೂರ್ತಿಯಾಗಿ ತಿಳಿದದ್ದು ಅವರ ಲೆಕ್ಕಗಳನ್ನು ನೋಡಿದ ಮೇಲೆ.

ಹಿನ್ನೆಲೆ

ಮನೆಯಲ್ಲಿ ಐದು ಜನ: ಅವರು, ಅವರ ಗಂಡ, ಶಾಲೆಗೆ ಹೋಗುವ ಇಬ್ಬರು ಮಕ್ಕಳು ಮತ್ತು ನಿತ್ಯ ಔಷಧಿ ಬೇಕಾಗುವ ಅತ್ತೆ. ಗಂಡ ಕಟ್ಟಡಗಳ ವೈರಿಂಗ್ ಕೆಲಸವನ್ನು ಗುತ್ತಿಗೆ ಹಿಡಿದು ಮಾಡುವವರು. ಕೈತುಂಬ ಕೆಲಸವಿದ್ದ ತಿಂಗಳಲ್ಲಿ 60 ಭಾಗದಷ್ಟು ಹಣ ಬಂದರೆ, ಕೆಲಸವಿಲ್ಲದ ಅಥವಾ ಮಾಡಿದ ಕೆಲಸಕ್ಕೆ ಹಣ ಬಾರದ ತಿಂಗಳಲ್ಲಿ 10 ಭಾಗಕ್ಕೆ ಇಳಿಯುತ್ತಿತ್ತು. ಹಿಂದಿನ ಎರಡು ವರ್ಷಗಳ ಸರಾಸರಿ ತೆಗೆದಾಗ ತಿಂಗಳಿಗೆ 35 ಭಾಗ ಎಂದಾಯಿತು. ಇದು ಸಣ್ಣ ಹಣವಲ್ಲ. ಆದರೂ ಮನೆಯವರು ಯಾರೂ ಅದನ್ನು ಆದಾಯವೆಂದು ಎಣಿಸುತ್ತಿರಲಿಲ್ಲ, ಬಂದರೆ ಬಂತು ಎಂಬಂತೆ ಇದ್ದರು.

ಹೆಂಡತಿಯ ಸಂಬಳ ಮಾತ್ರ 13 ವರ್ಷಗಳಲ್ಲಿ, ಎಂದರೆ 156 ತಿಂಗಳುಗಳಲ್ಲಿ, ಒಮ್ಮೆಯೂ ಒಂದನೇ ತಾರೀಕನ್ನು ದಾಟಿರಲಿಲ್ಲ. ಮನೆ ಬಾಡಿಗೆಗೆ ಪಡೆಯುವಾಗ ಮಾಲೀಕರು ಕೇಳಿದ್ದು ಈ ಸಂಬಳದ ಚೀಟಿಯನ್ನು, ಬ್ಯಾಂಕು ಸಾಲ ಕೊಟ್ಟದ್ದು ಈ ಚೀಟಿಯ ಮೇಲೆ, ಶಾಲೆಯ ಶುಲ್ಕದ ಕಂತುಗಳನ್ನು ಹೊಂದಿಸಿದ್ದೂ ಇದೇ ತಾರೀಕಿಗೆ. ಹೀಗೆ ಮನೆಯ ಪ್ರತಿಯೊಂದು ಜವಾಬ್ದಾರಿಯೂ ವರ್ಷದಿಂದ ವರ್ಷಕ್ಕೆ ಒಂದೇ ಗೂಟಕ್ಕೆ ಬಂದು ಕಟ್ಟಿಕೊಂಡಿತ್ತು.

ಸಂಬಳ ಏರಿತ್ತು, ಕೊಳ್ಳುವ ಶಕ್ತಿ ಇಳಿದಿತ್ತು

ತನ್ನ ಸಂಬಳ ಕಡಿಮೆ ಎಂಬುದು ಅವರಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದುದು, ಅದು ಪ್ರತಿ ವರ್ಷವೂ ಇನ್ನಷ್ಟು ಕಡಿಮೆಯಾಗುತ್ತಿದೆ ಎಂಬುದು. ಸಂಸ್ಥೆಯವರು ವರ್ಷಕ್ಕೆ ಸರಾಸರಿ 4 ಪ್ರತಿಶತ ಇನ್‌ಕ್ರಿಮೆಂಟ್ ಕೊಡುತ್ತ ಬಂದಿದ್ದರು. 13 ವರ್ಷಗಳಲ್ಲಿ ಇದು ಆರಂಭದ ಪ್ರತಿ 100ನ್ನು ಸುಮಾರು 166 ಮಾಡುತ್ತದೆ. ಅವರು ಹಳೆಯ ಬಿಲ್ಲುಗಳನ್ನೂ ಬಾಡಿಗೆಯ ರಸೀದಿಗಳನ್ನೂ ಜೋಪಾನವಾಗಿ ಇಟ್ಟಿದ್ದರಿಂದ, ಅವರದೇ ಮನೆಯ ಖರ್ಚು ಎಷ್ಟು ಏರಿತು ಎಂದು ಲೆಕ್ಕ ಹಾಕಲು ಸಾಧ್ಯವಾಯಿತು. ಅದು ವರ್ಷಕ್ಕೆ ಸುಮಾರು 6 ಪ್ರತಿಶತದಂತೆ ಏರಿತ್ತು, ಮತ್ತು 13 ವರ್ಷಗಳಲ್ಲಿ ಪ್ರತಿ 100 ಸುಮಾರು 213 ಆಗಿತ್ತು. 166ನ್ನು 213ರಿಂದ ಭಾಗಿಸಿದರೆ 0.78 ಬರುತ್ತದೆ. ಕೆಲಸಕ್ಕೆ ಸೇರಿದಾಗ 100ರಷ್ಟನ್ನು ಕೊಳ್ಳುತ್ತಿದ್ದ ಸಂಬಳ ಈಗ 78ರಷ್ಟನ್ನು ಕೊಳ್ಳುತ್ತಿತ್ತು.

ಎರಡು ಪ್ರತಿಶತದ ಅಂತರ ಯಾವ ಒಂದು ವರ್ಷದಲ್ಲೂ ಕಣ್ಣಿಗೆ ಬೀಳುವಂಥದ್ದಲ್ಲ. ಇನ್‌ಕ್ರಿಮೆಂಟಿನ ಪತ್ರ ಕೈಗೆ ಬಂದಾಗ ಅಂಕಿ ದೊಡ್ಡದಾಗಿಯೇ ಕಾಣುತ್ತದೆ. ಹಣದ ಅಂಕಿಯನ್ನೇ ಅದರ ಬೆಲೆಯೆಂದು ನಂಬುವ ಈ ಭ್ರಮೆಯ ಬಗ್ಗೆ ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಶರ್ 1928ರಷ್ಟು ಹಿಂದೆಯೇ ಒಂದು ಪುಸ್ತಕ ಬರೆದಿದ್ದರು. ಅದು ದೊಡ್ಡ ವ್ಯಾಪಾರಿಗಳನ್ನೂ ಬಿಡುವುದಿಲ್ಲ ಎಂದ ಮೇಲೆ ಒಬ್ಬ ಗುಮಾಸ್ತೆ ಅದನ್ನು ಗುರುತಿಸಲಿಲ್ಲ ಎಂದು ಆಕ್ಷೇಪಿಸುವುದು ನ್ಯಾಯವಲ್ಲ. ಈ ಲೆಕ್ಕವನ್ನು ತೋರಿಸಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ಇಷ್ಟು ವರ್ಷ ತಾನು ಮನೆ ನಡೆಸುವುದರಲ್ಲಿ ಸೋಲುತ್ತಿದ್ದೇನೆ ಎಂದುಕೊಂಡಿದ್ದೆ ಎಂದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಬುದ್ಧಿವಾದವನ್ನು ಅವರಿಗೆ ಮನೆಯಲ್ಲೂ ಹೊರಗೂ ಎಲ್ಲರೂ ಹೇಳಿದ್ದರು. ಹಾಸಿಗೆಯೇ ವರ್ಷ ವರ್ಷವೂ ಗಿಡ್ಡವಾಗುತ್ತಿದೆ ಎಂದು ಯಾರೂ ಹೇಳಿರಲಿಲ್ಲ.

ನೂರು ಭಾಗಗಳ ಲೆಕ್ಕ

ತಿಂಗಳ 100 ಭಾಗಗಳಲ್ಲಿ ಬಾಡಿಗೆಗೆ 28, ಊಟ ಮತ್ತು ದಿನಬಳಕೆಗೆ 26, ಸಾಲದ ಕಂತುಗಳಿಗೆ 17, ಮಕ್ಕಳ ಶಾಲೆಗೆ 11, ಓಡಾಟಕ್ಕೆ 7, ವಿದ್ಯುತ್, ನೀರು ಮತ್ತು ಫೋನಿಗೆ 5, ಅತ್ತೆಯ ಔಷಧಿಗೆ 4. ಒಟ್ಟು 98, ಉಳಿಯುವುದು 2. ಬಟ್ಟೆ, ರಿಪೇರಿ, ಅನಿರೀಕ್ಷಿತ ಜ್ವರ, ಬಂಧುಗಳ ಮನೆಯ ಕಾರ್ಯ, ಇವೆಲ್ಲವೂ ಗಂಡನ ಹಣದಿಂದ ನಡೆಯಬೇಕು. ಅವರಿಗೆ ಒಳ್ಳೆಯ ತಿಂಗಳು ಬಂದಾಗ ಮುಂದಕ್ಕೆ ಹಾಕಿದ್ದ ಖರ್ಚುಗಳೆಲ್ಲ ಒಟ್ಟಿಗೆ ಮೇಲೆ ಬೀಳುತ್ತಿದ್ದವು, ಕೆಟ್ಟ ತಿಂಗಳು ಬಂದಾಗ ಕೈಸಾಲ ಅಥವಾ ಕ್ರೆಡಿಟ್ ಕಾರ್ಡು.

ಕಂತಿನ 17ರಲ್ಲಿ 9 ಭಾಗ ಬ್ಯಾಂಕಿನ ಒಂದು ಸಾಲಕ್ಕೆ. ಅದರಲ್ಲಿ ಇನ್ನು 20 ಕಂತುಗಳು ಬಾಕಿ ಇದ್ದವು. ಉಳಿದ 8 ಭಾಗ ಕ್ರೆಡಿಟ್ ಕಾರ್ಡಿಗೆ. ಕಾರ್ಡಿನ ಬಾಕಿ 70 ಭಾಗದ ಆಸುಪಾಸಿನಲ್ಲಿ ಎರಡು ವರ್ಷದಿಂದ ಅಲುಗದೆ ನಿಂತಿತ್ತು. ಅದರ ಬಡ್ಡಿ ತಿಂಗಳಿಗೆ 3 ಪ್ರತಿಶತ. ವರ್ಷಕ್ಕೆ 36 ಎಂದು ಅವರು ತಿಳಿದಿದ್ದರು. ಬಡ್ಡಿಗೆ ಬಡ್ಡಿ ಸೇರಿದರೆ ಅದು ವರ್ಷಕ್ಕೆ 42.6 ಪ್ರತಿಶತ ಆಗುತ್ತದೆ. ಪ್ರತಿ ತಿಂಗಳೂ 8 ಭಾಗ ಕಟ್ಟುತ್ತಿದ್ದರೂ ಅದರಲ್ಲಿ ಸುಮಾರು 2 ಭಾಗ ಬಡ್ಡಿಗೇ ಹೋಗುತ್ತಿತ್ತು, ಮಿಕ್ಕದ್ದು ತೀರಿಸಿದಷ್ಟೇ ಮತ್ತೆ ಕೆಟ್ಟ ತಿಂಗಳಲ್ಲಿ ಕಾರ್ಡಿನ ಮೇಲೆ ಏರುತ್ತಿತ್ತು.

ಈ ಪಟ್ಟಿಯಲ್ಲಿ ದುಂದು ಎನ್ನುವಂಥದ್ದನ್ನು ನಾನು ಹುಡುಕಿದೆ, ಸಿಗಲಿಲ್ಲ. ಕಡಿಮೆ ಸಂಬಳದವರಿಗೆ ಮೊದಲ ಸಲಹೆಯಾಗಿ ಖರ್ಚು ಕಡಿಮೆ ಮಾಡಿ ಎನ್ನುವವರು ಇಂಥ ಒಂದು ಪಟ್ಟಿಯನ್ನು ಎದುರಿಗಿಟ್ಟುಕೊಂಡು ಮಾತನಾಡಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಕಟ್ಟಿಹಾಕಿದ್ದು ಯಾವುದು

ಬೇರೆ ಕೆಲಸ ಯಾಕೆ ಹುಡುಕಲಿಲ್ಲ ಎಂದು ಕೇಳಿದಾಗ ಅವರು ಕೊಟ್ಟ ಮೊದಲ ಉತ್ತರ, "ನನಗೆ ಇಲ್ಲಿನ ಕೆಲಸ ಬಿಟ್ಟು ಬೇರೇನೂ ಬರಲ್ಲ" ಎಂಬುದು. ಈ ಉತ್ತರದಲ್ಲಿ ಸ್ವಲ್ಪ ಸತ್ಯವಿತ್ತು. ಸಂಸ್ಥೆಯಲ್ಲಿ ಬಳಸುತ್ತಿದ್ದ ಸಾಫ್ಟ್‌ವೇರ್ ಆ ಸಂಸ್ಥೆಗಾಗಿಯೇ ಬಹಳ ಹಿಂದೆ ಬರೆಸಿದ್ದು, ಹೊರಗೆ ಎಲ್ಲಿಯೂ ಇಲ್ಲ. ಸಾವಿರಾರು ಸರಕುಗಳ ಹಳೆಯ ಸಂಕೇತ ಸಂಖ್ಯೆಗಳು ಅವರಿಗೆ ಬಾಯಿಪಾಠವಾಗಿದ್ದವು, ಆದರೆ ಸಂಸ್ಥೆಯ ಗೇಟು ದಾಟಿದರೆ ಆ ಜ್ಞಾನಕ್ಕೆ ಬೆಲೆಯಿಲ್ಲ. ಒಂದೇ ಸಂಸ್ಥೆಗೆ ಉಪಯೋಗವಾಗುವ ಕೌಶಲ ಮತ್ತು ಎಲ್ಲ ಕಡೆಯೂ ಸಲ್ಲುವ ಕೌಶಲ, ಇವೆರಡರ ನಡುವಿನ ವ್ಯತ್ಯಾಸವನ್ನು ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1960ರ ದಶಕದಲ್ಲಿ ವಿವರವಾಗಿ ಚರ್ಚಿಸಿದ್ದರು. ಮೊದಲನೆಯ ಬಗೆಯದು ಹೆಚ್ಚಾದಷ್ಟೂ ಕೆಲಸಗಾರ ಆ ಸಂಸ್ಥೆಯೊಳಗೆ ಬೇರೂರುತ್ತಾನೆ.

ಆದರೆ ಅವರ 13 ವರ್ಷಗಳೆಲ್ಲವೂ ಆ ಬಗೆಯದಾಗಿರಲಿಲ್ಲ. ಒಂದು ಸಂಜೆ ಕುಳಿತು, ಸಾಫ್ಟ್‌ವೇರಿನ ಹೆಸರನ್ನೂ ಸಂಸ್ಥೆಯ ಹೆಸರನ್ನೂ ಎತ್ತದೆ, ಒಂದು ವಾರದಲ್ಲಿ ಅವರು ಕೈಯಾರೆ ಮಾಡುವ ಕೆಲಸಗಳನ್ನೆಲ್ಲ ಹೇಳಲು ಕೇಳಿಕೊಂಡೆ. ಗೋದಾಮಿನಲ್ಲಿರುವ ಸರಕನ್ನು ಪುಸ್ತಕದ ಲೆಕ್ಕದೊಂದಿಗೆ ತಾಳೆ ನೋಡುವುದು, ಸರಬರಾಜುದಾರರ ಬಿಲ್ಲಿನಲ್ಲಿ ತಪ್ಪು ಹಿಡಿಯುವುದು, ಹಾಳಾದ ಸರಕನ್ನು ಹಿಂದಿರುಗಿಸಿ ಹಣ ವಸೂಲು ಮಾಡುವುದು, ಯಾವ ಸರಕು ಯಾವಾಗ ಮುಗಿಯುತ್ತದೆಂದು ಮೊದಲೇ ಅಂದಾಜು ಮಾಡುವುದು, ಹೊಸಬರಿಗೆ ಕೆಲಸ ಕಲಿಸುವುದು. ಕೊನೆಯದನ್ನು ಅವರು ತೀರ ಸಾಮಾನ್ಯ ಸಂಗತಿಯೆಂಬಂತೆ ಹೇಳಿ ಮುಂದೆ ಹೋದರು. ನಾನು ನಿಲ್ಲಿಸಿ ಕೇಳಿದೆ. ಇದುವರೆಗೆ ಆರು ಜನರಿಗೆ ಕಲಿಸಿದ್ದರಂತೆ. ಅವರಲ್ಲಿ ನಾಲ್ವರು ಈಗಾಗಲೇ ಬೇರೆಡೆ ಹೋಗಿದ್ದರು, ಮತ್ತು ಒಬ್ಬರ ಈಗಿನ ಸಂಬಳ ಇವರದಕ್ಕಿಂತ ಅರ್ಧದಷ್ಟು ಹೆಚ್ಚು ಎಂದು ಇವರಿಗೇ ಗೊತ್ತಿತ್ತು. ತಾನು ಕಲಿಸಿದ್ದಕ್ಕೆ ಹೊರಗೆ 150 ಭಾಗದ ಬೆಲೆಯಿದೆ ಎಂಬ ಸಾಕ್ಷಿ ಕಣ್ಣೆದುರೇ ಇದ್ದರೂ ಅದು ತನಗೆ ಅನ್ವಯಿಸುತ್ತದೆ ಎಂದು ಅವರಿಗೆ ಹೊಳೆದಿರಲಿಲ್ಲ. "ಅವರು ಚಿಕ್ಕವರು, ಅವರಿಗೆ ಮನೆ ಜವಾಬ್ದಾರಿ ಇಲ್ಲ" ಎಂದರು. ಈ ಎರಡನೆಯ ಉತ್ತರ ಮೊದಲನೆಯದಕ್ಕಿಂತ ಹೆಚ್ಚು ಸತ್ಯವಾಗಿತ್ತು.

ಸಂಸ್ಥೆಯ ಕಡೆಯಿಂದಲೂ ಈ ಸಂಗತಿಯನ್ನು ನೋಡಬೇಕು. ಕೆಲಸಗಾರರ ದುಡಿಮೆಯನ್ನು ಕೊಳ್ಳುವವರು ಒಬ್ಬರೇ ಆಗಿದ್ದಾಗ ಕೂಲಿ ಹೇಗೆ ಕೆಳಗಿಳಿಯುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ 1933ರಲ್ಲಿ ವಿವರಿಸಿದರು, ಅಂಥ ಸ್ಥಿತಿಗೆ ಮೊನಾಪ್ಸನಿ ಎಂಬ ಹೆಸರನ್ನೂ ಬಳಕೆಗೆ ತಂದರು. ಹತ್ತು ಸಂಸ್ಥೆಗಳಿರುವ ಕಡೆಯೂ, ಒಂದರಿಂದ ಇನ್ನೊಂದಕ್ಕೆ ದಾಟಲು ಕೆಲಸಗಾರನಿಗೆ ಆಗದಿದ್ದರೆ, ಅವನ ಪಾಲಿಗೆ ಇರುವುದು ಒಂದೇ ಸಂಸ್ಥೆ. ಈ ಮಹಿಳೆ ಬಿಟ್ಟುಹೋಗುವುದಿಲ್ಲ ಎಂದು ಅವರ ಮೇಲಧಿಕಾರಿಗೆ ಗೊತ್ತಿತ್ತು. ನಾಲ್ಕು ಪ್ರತಿಶತ ಇನ್‌ಕ್ರಿಮೆಂಟ್ ಯಾರ ದುಷ್ಟತನವೂ ಆಗಬೇಕಾಗಿಲ್ಲ. ಅದಕ್ಕಿಂತ ಹೆಚ್ಚು ಕೊಡಲು ಸಂಸ್ಥೆಗೆ ಕಾರಣವೇ ಇರಲಿಲ್ಲ ಎಂಬುದಷ್ಟೇ ಸಾಕು.

ಇನ್ನು ಭಯದ ಮಾತು. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನ್ಮನ್ ಮತ್ತು ಏಮೋಸ್ ಟ್ವರ್ಸ್ಕಿ 1979ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ ಕಳೆದುಕೊಂಡದ್ದರ ನೋವು ಅಷ್ಟನ್ನೇ ಪಡೆದದ್ದರ ಸಂತೋಷಕ್ಕಿಂತ ದೊಡ್ಡದು. ಇರುವ ಸ್ಥಿತಿಗೇ ಅಂಟಿಕೊಳ್ಳುವ ಮನುಷ್ಯರ ಒಲವನ್ನು ಅರ್ಥಶಾಸ್ತ್ರಜ್ಞರಾದ ವಿಲಿಯಂ ಸ್ಯಾಮ್ಯುಯೆಲ್ಸನ್ ಮತ್ತು ರಿಚರ್ಡ್ ಝೆಕ್‌ಹೌಸರ್ 1988ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಇವನ್ನು ಓದಿದವರು ಇಂಥ ಪ್ರಕರಣಗಳನ್ನೆಲ್ಲ ಮನಸ್ಸಿನ ಅಂಜಿಕೆಯೆಂದು ತೀರ್ಮಾನಿಸಿ, ಧೈರ್ಯ ಮಾಡಿ ಎಂದು ಹೇಳಿಬಿಡುವುದುಂಟು. ನಾನು ಹಾಗೆ ಹೇಳಲಾರೆ. ಅವರ ಭಯಕ್ಕೆ ಒಂದು ನಿಖರವಾದ ಅಳತೆ ಇತ್ತು, ಅದನ್ನು ನಾವಿಬ್ಬರೂ ಕ್ಯಾಲೆಂಡರಿನ ಮೇಲೆ ಗುರುತು ಹಾಕಿ ನೋಡಿದೆವು.

ಅವರು ರಾಜೀನಾಮೆ ಕೊಟ್ಟರೆ ಎರಡು ತಿಂಗಳ ನೋಟಿಸ್ ಅವಧಿ. ಕೊನೆಯ ತಿಂಗಳ ಸಂಬಳವನ್ನು ಲೆಕ್ಕ ಚುಕ್ತಾ ಆಗುವವರೆಗೆ ತಡೆಹಿಡಿಯುವುದು ಆ ಸಂಸ್ಥೆಯ ಪದ್ಧತಿ, ಅದಕ್ಕೆ ಆರರಿಂದ ಎಂಟು ವಾರ ಹಿಡಿಯುತ್ತದೆ. ಹೊಸ ಕಡೆ ಒಂದನೇ ತಾರೀಕಿಗೆ ಸೇರಿದರೂ ಮೊದಲ ಸಂಬಳ ಬರುವುದು ಆ ತಿಂಗಳು ಮುಗಿದ ಮೇಲೆ, ಹಲವು ಕಡೆ ಏಳನೇ ತಾರೀಕಿಗೆ. ಹಳೆಯ ಸಂಸ್ಥೆಯಿಂದ ಕೈಗೆ ಸಿಕ್ಕ ಕೊನೆಯ ಸಂಬಳಕ್ಕೂ ಹೊಸ ಸಂಸ್ಥೆಯ ಮೊದಲ ಸಂಬಳಕ್ಕೂ ನಡುವೆ ಹೀಗೆ 67 ದಿನಗಳು. ತಿಂಗಳಿಗೆ 2 ಭಾಗ ಉಳಿಯುವ ಮನೆ, ಅದೂ ಸಾಲದಲ್ಲಿರುವಾಗ, 67 ದಿನಗಳನ್ನು ದಾಟಲಾರದು. ಐದನೇ ತಾರೀಕಿಗೆ ಬಾಡಿಗೆ ಕೊಡಬೇಕು, ಹತ್ತಕ್ಕೆ ಬ್ಯಾಂಕಿನ ಕಂತು. ಅವರಿಗೆ ಕೊರತೆಯಾಗಿದ್ದುದು ಧೈರ್ಯ ಅಲ್ಲ, ಈ ದಿನಗಳನ್ನು ಕಳೆಯುವಷ್ಟು ಹಣ. ನಮ್ಮ ಮಾತುಕತೆಯ ದಾರಿ ಅಲ್ಲಿಂದ ಮುಂದೆ ಪೂರ್ತಿ ಬದಲಾಯಿತು.

ಕೈಗೂಡದ ಪ್ರಯತ್ನಗಳು

ಕ್ಯಾಲೆಂಡರಿನ ಲೆಕ್ಕ ಮಾಡುವುದಕ್ಕೂ ಮೊದಲು ನಾನು ಒಂದು ತಪ್ಪು ಸಲಹೆ ಕೊಟ್ಟಿದ್ದೆ, ಅದನ್ನು ಇಲ್ಲಿ ಹೇಳಲೇಬೇಕು. ಸಂಜೆ ಮನೆಯಿಂದಲೇ ಮಾಡುವ ಡೇಟಾ ಎಂಟ್ರಿ ಕೆಲಸ ಹಿಡಿದರೆ ಕಾರ್ಡಿನ ಸಾಲವನ್ನು ಬೇಗ ತೀರಿಸಬಹುದು ಎಂದಿದ್ದೆ. ಅವರು ಏಳು ವಾರ ಅದನ್ನು ಮಾಡಿದರು. ರಾತ್ರಿ ಹನ್ನೆರಡೂವರೆಗೆ ಮಲಗಿ ಐದಕ್ಕೆ ಏಳುತ್ತಿದ್ದರು. ಏಳನೆಯ ವಾರದಲ್ಲಿ ಕಚೇರಿಯ ದಾಸ್ತಾನು ಲೆಕ್ಕದಲ್ಲಿ, 13 ವರ್ಷಗಳಲ್ಲಿ ಮೊದಲ ಬಾರಿಗೆ, ದೊಡ್ಡದೊಂದು ತಪ್ಪು ಮಾಡಿ ಲಿಖಿತ ಎಚ್ಚರಿಕೆ ಪಡೆದರು. ಹಣದ ಕೊರತೆಯೇ ಮನಸ್ಸಿನ ಗಮನವನ್ನು ತಿನ್ನುತ್ತದೆ ಎಂದು ತೋರಿಸುವ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಗಿತ್ತು. ಅರ್ಥಶಾಸ್ತ್ರಜ್ಞ ಸೆಂಧಿಲ್ ಮುಲೈನಾಥನ್, ಮನಶ್ಶಾಸ್ತ್ರಜ್ಞ ಎಲ್ಡಾರ್ ಶಫೀರ್ ಮತ್ತು ಅವರ ಜೊತೆಗಾರರು ಕಬ್ಬು ಬೆಳೆಯುವ ರೈತರಿಗೆ ಕೊಯ್ಲಿನ ಮುಂಚೆ, ಎಂದರೆ ಕೈ ಬರಿದಾಗಿದ್ದಾಗ, ಮತ್ತು ಕೊಯ್ಲಿನ ನಂತರ, ಕೈಯಲ್ಲಿ ಹಣವಿದ್ದಾಗ, ಬುದ್ಧಿಯ ಪರೀಕ್ಷೆಗಳನ್ನು ಕೊಟ್ಟರು. ಅದೇ ರೈತರು ಕೊಯ್ಲಿನ ಮುಂಚೆ ಕಡಿಮೆ ಅಂಕ ಪಡೆದಿದ್ದರು. ಇದು ನನಗೆ ತಿಳಿದಿತ್ತು. ತಿಳಿದೂ, ಈಗಾಗಲೇ ಭಾರ ಹೊತ್ತವರ ಮೇಲೆ ಇನ್ನೊಂದು ಭಾರ ಹೇರಿದೆ. ಒಂದೇ ಆಸರೆಯಾಗಿದ್ದ ಕೆಲಸಕ್ಕೇ ಅದರಿಂದ ಅಪಾಯ ಬಂದಿತ್ತು. ಸಂಜೆಯ ಕೆಲಸವನ್ನು ಆ ವಾರವೇ ಬಿಡಿಸಿದೆ.

ನಾಲ್ಕನೆಯ ತಿಂಗಳಲ್ಲಿ ಅವರು ಸಂಬಳ ಹೆಚ್ಚಿಸಲು ಕೇಳಿದರು. ತಾನು ಕಲಿಸಿದವರ ಪಟ್ಟಿ, ಸರಬರಾಜುದಾರರಿಂದ ವಸೂಲು ಮಾಡಿಕೊಟ್ಟ ಮೊತ್ತ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದರು. ಮೇಲಧಿಕಾರಿ ಗೌರವದಿಂದಲೇ ಕೇಳಿಸಿಕೊಂಡು, ಎರಡು ವಾರದ ನಂತರ ಹುದ್ದೆಯ ಹೆಸರಿನ ಮುಂದೆ "ಹಿರಿಯ" ಎಂಬ ಪದ ಸೇರಿಸಿದ ಪತ್ರ ಕೊಟ್ಟರು. ಸಂಬಳದಲ್ಲಿ ಬದಲಾವಣೆ ಇರಲಿಲ್ಲ.

ಗಂಡನ ಗಳಿಕೆಗೂ ಒಂದು ಸಂಬಳ

ದಾರಿ ಸಿಕ್ಕಿದ್ದು ನಾವು ನೋಡದೇ ಬಿಟ್ಟಿದ್ದ ಕಡೆ. ಮನೆಯ ಆದಾಯವನ್ನೆಲ್ಲ ಸೇರಿಸಿದರೆ ಸರಾಸರಿ 135 ಭಾಗ. ಅದರಲ್ಲಿ 100 ಭಾಗವನ್ನು ಮಾತ್ರ ಲೆಕ್ಕಕ್ಕೆ ಹಿಡಿದು, ಮನೆಯ ನಿಶ್ಚಿತ ಖರ್ಚನ್ನೆಲ್ಲ ಅದರ ಮೇಲೆ ಹೇರಿ, 35 ಭಾಗವನ್ನು ಬಂದಂತೆ ಹೋಗಲು ಬಿಡಲಾಗಿತ್ತು. ಗಂಡ ದುಡಿಯದೆ ಕೂತವರಲ್ಲ, ಕುಡಿತ ಜೂಜು ಯಾವುದೂ ಇರಲಿಲ್ಲ. ಅವರ ಆದಾಯಕ್ಕೆ ತಾರೀಕು ಇಲ್ಲ ಎಂಬ ಒಂದೇ ಕಾರಣಕ್ಕೆ ಮನೆಯ ಸ್ಥಿರತೆಯ ಹೊರೆಯೆಲ್ಲ ಹೆಂಡತಿಯ ಹೆಗಲಿಗೆ ಬಂದಿತ್ತು. "ನಿನ್ನ ಸಂಬಳ ಇದೆಯಲ್ಲ, ಅದೊಂದು ಇರಲಿ" ಎಂದು ಅವರು ಹೆಂಡತಿಗೆ ಹೇಳುತ್ತಿದ್ದರು. ಅದು ಪ್ರೀತಿಯ, ನೆಮ್ಮದಿಯ ಮಾತೇ. ಆದರೆ ಆ ಮಾತೇ ಆಕೆಯನ್ನು ಕುರ್ಚಿಗೆ ಕಟ್ಟಿಹಾಕಿದ್ದ ಹಗ್ಗವೂ ಆಗಿತ್ತು ಎಂಬುದು ಈ ಪ್ರಕರಣದಿಂದ ನಾನು ಕಲಿತ ಮುಖ್ಯ ಸಂಗತಿ.

ಐದನೆಯ ತಿಂಗಳಲ್ಲಿ ಗಂಡನ ಹೆಸರಿನಲ್ಲಿ ಒಂದು ಪ್ರತ್ಯೇಕ ಖಾತೆ ತೆರೆಯಲಾಯಿತು. ಗುತ್ತಿಗೆಯಿಂದ ಬರುವ ಹಣವೆಲ್ಲ, ಅದು 60 ಆಗಲಿ 10 ಆಗಲಿ, ಮೊದಲು ಅಲ್ಲಿಗೆ ಹೋಗಬೇಕು. ಅಲ್ಲಿಂದ ಪ್ರತಿ ತಿಂಗಳು ಒಂದನೇ ತಾರೀಕಿಗೆ 22 ಭಾಗ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ, ಮನೆಯ ಖಾತೆಗೆ ಬರಬೇಕು. ಗಂಡ ತನಗೆ ತಾನೇ ಸಂಬಳ ಕೊಟ್ಟುಕೊಂಡಂತೆ. ಸರಾಸರಿಗಿಂತ ಬಹಳ ಕೆಳಗೆ ಈ ಮೊತ್ತವನ್ನು ಇಟ್ಟದ್ದು ಬೇಕೆಂದೇ. ಉಳಿಯುವ ಸರಾಸರಿ 13 ಭಾಗ ಮೊದಲು ಕಾರ್ಡಿನ ಸಾಲಕ್ಕೆ, ಆಮೇಲೆ ಆ 67 ದಿನಗಳನ್ನು ದಾಟಲು ಕೂಡಿಡುವ ಮೀಸಲಿಗೆ.

ಕೇಳಲು ಸುಲಭವಾದ ಈ ವ್ಯವಸ್ಥೆ ನಡೆಸಲು ಸುಲಭವಾಗಿರಲಿಲ್ಲ. ಒಳ್ಳೆಯ ತಿಂಗಳಲ್ಲಿ 60 ಭಾಗ ದುಡಿದು ತಂದವರಿಗೆ, ಮಕ್ಕಳು ಕೇಳಿದ್ದನ್ನು ಕೊಡಿಸದೆ 22 ಮಾತ್ರ ತೆಗೆಯಿರಿ ಎಂದರೆ ಮನಸ್ಸಿಗೆ ನೋವಾಗುತ್ತದೆ. ಶುರುವಾದ ಎರಡನೆಯ ತಿಂಗಳಲ್ಲೇ ಅವರು ಸಿಟ್ಟಾಗಿ, ತನ್ನ ದುಡ್ಡಿಗೆ ತಾನೇ ಅರ್ಜಿ ಹಾಕಬೇಕೇ ಎಂದು ಕೇಳಿದರಂತೆ. ಅವರೊಂದಿಗೆ ನಾನು ಮಾತನಾಡಿದಾಗ ಲೆಕ್ಕದ ಹಾಳೆಗಿಂತ ಹೆಚ್ಚು ಕೆಲಸ ಮಾಡಿದ್ದು 67 ದಿನಗಳ ಕ್ಯಾಲೆಂಡರು. ಹೆಂಡತಿ ಯಾಕೆ ಕೆಲಸ ಬದಲಿಸಲಾರಳು ಎಂಬುದು ಅವರಿಗೆ ಆವರೆಗೆ ತಿಳಿದಿರಲೇ ಇಲ್ಲ. ಆ ಕೆಲಸ ಅವಳಿಗೆ ಇಷ್ಟವೆಂದೇ ನಂಬಿದ್ದರು. ಮುಂದೆ ಒಂದು ಕೆಟ್ಟ ತಿಂಗಳಲ್ಲಿ ಬಂದದ್ದು 10 ಭಾಗ ಮಾತ್ರವಾದರೂ ಖಾತೆಯಿಂದ 22 ಭಾಗ ಎಂದಿನಂತೆ ಮನೆಗೆ ಬಂದಾಗ, ಆ ಹಣವನ್ನು ಕೊಟ್ಟವನು ತಾನೇ ಎಂಬ ಹೆಮ್ಮೆಯಿಂದ ಅವರು ನನಗೆ ಫೋನ್ ಮಾಡಿ ಹೇಳಿದರು. ಅಲ್ಲಿಂದಾಚೆಗೆ ತಕರಾರು ಬರಲಿಲ್ಲ.

ಬರಿಯ ಲೆಕ್ಕದ ಪ್ರಕಾರ ಕಾರ್ಡಿನ ಬಾಕಿ ನಾಲ್ಕು ತಿಂಗಳಲ್ಲಿ ತೀರಬೇಕಿತ್ತು, ತೀರಿದ್ದು ಏಳು ತಿಂಗಳಲ್ಲಿ. ಹನ್ನೆರಡನೆಯ ತಿಂಗಳಿಂದ ಕಾರ್ಡಿಗೆ ಹೋಗುತ್ತಿದ್ದ 8 ಭಾಗವೂ ಗಂಡನ ಖಾತೆಯ 13 ಭಾಗವೂ ಸೇರಿ ತಿಂಗಳಿಗೆ 21 ಭಾಗ ಮೀಸಲಾಗತೊಡಗಿತು. ನಡುವೆ ಅತ್ತೆಯ ಆಸ್ಪತ್ರೆಯ ಖರ್ಚಿಗೆ 45 ಭಾಗ ಹೋಯಿತು. ಹಿಂದಿನ ದಿನಗಳಾಗಿದ್ದರೆ ಅದು ಕಾರ್ಡಿನ ಮೇಲೆ ಬೀಳುತ್ತಿತ್ತು.

ಒಪ್ಪದ ಕೆಲಸ, ಒಪ್ಪಿದ ಕೆಲಸ

ಹದಿನೈದನೆಯ ತಿಂಗಳಲ್ಲಿ ಒಂದು ಆಫರ್ ಬಂತು. ಸಂಬಳ 118 ಭಾಗ. ಓಡಾಟದ ಖರ್ಚು 7ರಿಂದ 12ಕ್ಕೆ ಏರುತ್ತಿತ್ತು. ಈಗಿನ ಸಂಸ್ಥೆ ಕುಟುಂಬಕ್ಕೆ ಕೊಡುತ್ತಿದ್ದ ಆರೋಗ್ಯ ವಿಮೆ ಅಲ್ಲಿ ಇಲ್ಲದ್ದರಿಂದ ಅದಕ್ಕೆ ಇನ್ನೂ 4 ಭಾಗ. ಕೈಗೆ ಉಳಿಯುವ ಹೆಚ್ಚಳ 9 ಭಾಗ ಮಾತ್ರ. ಆರು ತಿಂಗಳ ಪ್ರೊಬೇಷನ್, ಆ ಅವಧಿಯಲ್ಲಿ ಹದಿನೈದು ದಿನದ ನೋಟಿಸ್ ಕೊಟ್ಟು ತೆಗೆದುಹಾಕಬಹುದು. ಮೀಸಲು ಆಗ 60 ಭಾಗದಷ್ಟಿತ್ತು, ಒಂದು ತಿಂಗಳ ನಿಶ್ಚಿತ ಖರ್ಚಿಗೂ ಸಾಲದು. ಅವರು ಒಪ್ಪಲಿಲ್ಲ. ನಾನೂ ಒಪ್ಪಿ ಎನ್ನಲಿಲ್ಲ.

ಆ ದಿನಗಳಲ್ಲಿ ಅವರ ತಮ್ಮ ಒಂದು ಸುದ್ದಿಯನ್ನು ಅವರಿಗೆ ಓದಿ ಹೇಳಿದ್ದನಂತೆ. ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ನಡೆಸಿದ ಪ್ರಯೋಗವೊಂದರಲ್ಲಿ, ಕೆಲಸ ಬಿಡುವುದೇ ಮುಂತಾದ ನಿರ್ಧಾರಗಳಲ್ಲಿ ತೊಳಲುತ್ತಿದ್ದವರು ನಾಣ್ಯ ಚಿಮ್ಮಿ ನೋಡಿದರು. ದೊಡ್ಡ ನಿರ್ಧಾರಗಳಲ್ಲಿ ಬದಲಾವಣೆಯ ಕಡೆಗೆ ಹೋದವರು ಆರು ತಿಂಗಳ ನಂತರ, ಹೋಗದವರಿಗಿಂತ ಹೆಚ್ಚು ಸಂತೋಷವಾಗಿದ್ದೇವೆ ಎಂದಿದ್ದರು. "ಅಕ್ಕ, ನೀನು ಸುಮ್ನೆ ಹೆದರ್ತೀಯ" ಎಂಬುದು ಅವನ ಮಾತು. ಪ್ರಯೋಗದ ಫಲಿತಾಂಶವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಾಣ್ಯ ತಪ್ಪು ಮಗ್ಗುಲಿಗೆ ಬಿದ್ದರೆ ಮುಂದಿನ ತಿಂಗಳ ಬಾಡಿಗೆ ಎಲ್ಲಿಂದ ಎಂಬ ಪ್ರಶ್ನೆ ಇರುವ ಮನೆಯಲ್ಲಿ ನಾಣ್ಯ ಚಿಮ್ಮಲು ಹೇಳುವ ಹಕ್ಕು ಹೊರಗಿನವರಿಗೆ ಇಲ್ಲ ಎಂದು ನಾನು ನಂಬುತ್ತೇನೆ. ಕಾಯಿರಿ, ಆದರೆ ಹುಡುಕುವುದನ್ನು ನಿಲ್ಲಿಸಬೇಡಿ ಎಂದೆ. ಅವರು ತಿಂಗಳಿಗೆ ಎರಡು ಅರ್ಜಿಯಂತೆ ಕಳಿಸುತ್ತಲೇ ಇದ್ದರು.

ಈ ಕಾಯುವ ಅವಧಿಯಲ್ಲಿ ಕಂಡ ಒಂದು ಬದಲಾವಣೆಯನ್ನು ಅಂಕಿಯಲ್ಲಿ ಹಿಡಿಯಲಾಗದು. ಕೆಲಸ ಅದೇ, ಕುರ್ಚಿ ಅದೇ, ಸಂಬಳವೂ ಹೆಚ್ಚುಕಡಿಮೆ ಅದೇ. ಆದರೂ ಉಸಿರು ಕಟ್ಟಿದಂತಾಗುತ್ತದೆ ಎಂದು ಪ್ರತಿ ಭೇಟಿಯಲ್ಲೂ ಹೇಳುತ್ತಿದ್ದವರು ಆ ಮಾತನ್ನು ಹೇಳುವುದು ನಿಂತಿತ್ತು. ರಜೆಯ ದಿನ ಕೆಲಸಕ್ಕೆ ಬರಲು ಹೇಳಿದಾಗ ಮೊದಲ ಬಾರಿಗೆ ಆಗುವುದಿಲ್ಲ ಎಂದರಂತೆ. ಮೇಲಧಿಕಾರಿ ಏನೂ ಅನ್ನಲಿಲ್ಲ.

ಇಪ್ಪತ್ತನೆಯ ತಿಂಗಳಿಗೆ ಬ್ಯಾಂಕಿನ ಸಾಲ ತೀರಿ ಇನ್ನೂ 9 ಭಾಗ ಬಿಡುಗಡೆಯಾಯಿತು. ಇಪ್ಪತ್ತೆರಡನೆಯ ತಿಂಗಳಲ್ಲಿ ಮೀಸಲು 183 ಭಾಗ ತಲುಪಿತ್ತು, ಎಂದರೆ ಮನೆಯ ನಿಶ್ಚಿತ ಖರ್ಚಿನ ಎರಡು ತಿಂಗಳ ಮೊತ್ತ. ಆ ತಿಂಗಳೇ ಎರಡನೆಯ ಆಫರ್ ಬಂತು. ಹಿಂದೆ ಅವರಿಂದ ಕೆಲಸ ಕಲಿತವರಲ್ಲಿ ಒಬ್ಬರು ತಾವಿರುವ ಸಂಸ್ಥೆಯಲ್ಲಿ ಜಾಗ ಖಾಲಿಯಿದೆ ಎಂದು ತಿಳಿಸಿದ್ದರು. ಸಂಬಳ 129 ಭಾಗ, ಓಡಾಟಕ್ಕೆ 2 ಭಾಗ ಹೆಚ್ಚು, ವಿಮೆ ಪ್ರೊಬೇಷನ್ ಮುಗಿದ ಮೇಲೆ, ಅಲ್ಲಿಯವರೆಗೆ ಸ್ವಂತ ವಿಮೆಗೆ 4 ಭಾಗ. ಸಂದರ್ಶನದಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ ಸಂಬಳದ ಮೊತ್ತದ್ದಲ್ಲ, ತಾರೀಕಿನದು. ಏಳನೇ ತಾರೀಕು ಎಂದರು. ಅವರು ಮನಸ್ಸಿನಲ್ಲೇ ದಿನಗಳನ್ನು ಎಣಿಸಿ ಒಪ್ಪಿಕೊಂಡರು.

ರಾಜೀನಾಮೆ ಪತ್ರ ಕೊಟ್ಟ ಮೂರನೆಯ ದಿನ ಹಳೆಯ ಸಂಸ್ಥೆ ಸಂಬಳವನ್ನು 15 ಪ್ರತಿಶತ ಹೆಚ್ಚಿಸುವುದಾಗಿ ಹೇಳಿತು. ಹದಿನೆಂಟು ತಿಂಗಳ ಹಿಂದೆ ದಾಖಲೆ ಸಮೇತ ಕೇಳಿದಾಗ ಇಲ್ಲದಿದ್ದ ಹಣ ಅದು. ಅವರು ಆ ರಾತ್ರಿ ನನಗೆ ಫೋನ್ ಮಾಡಿ ಅತ್ತರು. ಉಳಿಯಬೇಕೆಂಬ ಆಸೆಯಿಂದ ಅಲ್ಲ, ಇಷ್ಟು ವರ್ಷವೂ ಕೊಡಲು ಸಾಧ್ಯವಿತ್ತಲ್ಲ ಎಂಬ ನೋವಿನಿಂದ. ಆ ನೋವಿಗೆ ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಅವರು ಪತ್ರವನ್ನು ಹಿಂದೆಗೆದುಕೊಳ್ಳಲಿಲ್ಲ.

ನೋಟಿಸ್ ಅವಧಿ ಮುಗಿದು ಹೊಸ ಕೆಲಸಕ್ಕೆ ಸೇರುವಾಗ ಮೀಸಲು 240 ಭಾಗ ದಾಟಿತ್ತು. ಹಳೆಯ ಸಂಸ್ಥೆ ನಿರೀಕ್ಷಿಸಿದಂತೆಯೇ ಕೊನೆಯ ತಿಂಗಳ ಸಂಬಳವನ್ನು ತಡೆಹಿಡಿಯಿತು. ಒಂದನೇ ತಾರೀಕು ಬಂತು, ಕೆಲಸಕ್ಕೆ ಸೇರಿದಾಗಿನಿಂದ ಮೊದಲ ಬಾರಿಗೆ ಅಂದು ಸಂಬಳದ ಸಂದೇಶ ಬರಲಿಲ್ಲ. ಗಂಡನ ಖಾತೆಯಿಂದ ಮಾತ್ರ 22 ಭಾಗ ಬಂತು, ಆ ತಿಂಗಳು ಅವರ ಗಳಿಕೆ 14 ಭಾಗವಷ್ಟೇ ಆಗಿದ್ದರೂ. ಶಾಲೆಯ ಕಂತು, ಔಷಧಿ, ದಿನಬಳಕೆ ಎಲ್ಲವೂ ಮೀಸಲಿನಿಂದ ನಡೆದವು. ಮುಂದಿನ ತಿಂಗಳ ಐದನೇ ತಾರೀಕು ಅವರು ಬಾಡಿಗೆ ಕಳಿಸಿ, ಆ ರಸೀದಿಯ ಚಿತ್ರವನ್ನು ನನಗೆ ಕಳಿಸಿದರು. ಹೊಸ ಸಂಬಳಕ್ಕೆ ಇನ್ನೂ ಎರಡು ದಿನವಿತ್ತು. ಪ್ರೊಬೇಷನ್ ಮುಗಿಯಲು ಇದನ್ನು ಬರೆಯುವ ಹೊತ್ತಿಗೆ ಮೂರು ತಿಂಗಳು ಬಾಕಿ ಇದೆ, ಮತ್ತು 22 ಭಾಗ ಪ್ರತಿ ಒಂದನೇ ತಾರೀಕಿಗೂ ಬರುತ್ತಿದೆ.